ವಳಸಂಗಕ್ಕೆ ಹೋಗಿದ್ದ ಮಾವಶಿ

ಹೋದ ವಾರ ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಟವೆಲ್ ಕೊಳ್ಳಲು ನಿಂತಿದ್ದೆ. ಅಂಗಡಿಯವರು ಹೊಸ ಗಂಟು ಬಿಚ್ಚಿ ಮುಂದೆ ಹರವಿದರು. ಇನ್ನೂ ನೀರು ಕಾಣದ ಟವೆಲ್ಲಿನ ಆ ಗಂಜಿಯ ವಾಸನೆ, ಅದರೊಳಗೆ ಎಲ್ಲೋ ಸ್ವಲ್ಪ ಮಷೀನಿನ ಎಣ್ಣೆ... ನನಗೆ ನಿಂತಲ್ಲೇ ಸಿಟ್ಟು ಬಂತು. ನೆನಪಾದವಳು ಸತ್ತುಹೋದವಳು, ಅಳು ಬರಬೇಕಿತ್ತು. ಬಂದದ್ದು ಮಾತ್ರ ಸಿಟ್ಟು. ಎಂಟು ವರ್ಷವಾಯಿತು, ಇನ್ನೂ ಇಳಿದಿಲ್ಲ.

ನಮ್ಮ ಓಣಿಯಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡೇ ಅವಳ ಮನೆ. ರಕ್ತಸಂಬಂಧ ಏನೂ ಇಲ್ಲ, ಓಣಿಗೆಲ್ಲ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಕಾರಖಾನೆಯಿಂದ ಟವೆಲ್ಲಿನ ಗಂಟು ತರಿಸಿಕೊಂಡು ಮನೆಯಲ್ಲೇ ಅಂಚು ಹೊಲಿದು ಕೊಡುವುದು ಅವಳ ಕೆಲಸ. ನನ್ನ ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು, ಅವ್ವ ನರ್ಸ್. ಅವ್ವನ ಡ್ಯೂಟಿ ಮುಗಿಯುವ ತನಕ ನಾನು ಮಾವಶಿಯ ಟವೆಲ್ ರಾಶಿಯ ಮೇಲೆ ಕುಳಿತು, ಉಳಿದ ದಾರ ಕತ್ತರಿಸುತ್ತ, ಅವಳಿಂದ ಬೈಸಿಕೊಳ್ಳುತ್ತ ಬೆಳೆದೆ. ಅವಳಿಗೆ ಮೆತ್ತಗೆ ಮಾತಾಡುವುದು ಗೊತ್ತೇ ಇರಲಿಲ್ಲ. ಊಟಕ್ಕೆ ಕರೆದರೂ ಜಗಳಕ್ಕೆ ಕರೆದ ಹಾಗೇ ಇರುತ್ತಿತ್ತು.

ನನಗೆ ಹದಿನಾಲ್ಕು ತುಂಬಿದ ವರ್ಷ ಅವ್ವನಿಗೆ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಕ್ಕಲಕೋಟದ ಮಾಮಾನ ಮನೆಯಲ್ಲಿ ಪೇಢೆ ಹಂಚಿದರು. ಪೋರಿಯ ನಸೀಬು ತೆರೆಯಿತು ಅಂದರು. ಒಬ್ಬರಾದರೂ ನನ್ನನ್ನು "ನಿನಗ ಹೋಗೂ ಮನಸ್ಸು ಅದ ಏನು?" ಅಂತ ಕೇಳಲಿಲ್ಲ.

ಅಲ್ಲಿಯ ಶಾಲೆಯಲ್ಲಿ ಮೊದಲ ಮೂರು ತಿಂಗಳು ನಾನು ಬಾಯಿ ತೆರೆದದ್ದು ಹಾಜರಿ ಕರೆದಾಗ ಮಾತ್ರ. ಕನ್ನಡ ಶಾಲೆಯಲ್ಲಿ ಓದಿದವಳು, ಓಣಿಯಲ್ಲಿ ಮರಾಠಿ ಆಡಿದವಳು; ನನ್ನ ಇಂಗ್ಲಿಷು ಪುಸ್ತಕದ್ದು. ಅವರ ಮಾತಿನ ಓಟಕ್ಕೆ ಅದು ಎಲ್ಲಿ ಸಾಲಬೇಕು? ಊಟದ ಹೊತ್ತಿನಲ್ಲಿ ಲೈಬ್ರರಿಯ ಮೂಲೆಯಲ್ಲಿ ಪುಸ್ತಕ ಹಿಡಿದು ಕೂಡುತ್ತಿದ್ದೆ, ಪುಟ ತಿರುಗಿಸುತ್ತಿರಲಿಲ್ಲ. ಟೀಚರು ಬಂದು ಎಲ್ಲ ಸರಿಯಿದೆಯಾ ಅಂತ ಕೇಳಿದರೆ ತಲೆ ಆಡಿಸುತ್ತಿದ್ದೆ. ಡ್ಯೂಟಿ ಮುಗಿಸಿ ಕಾಲು ನೋವಿನಿಂದ ಬಂದ ಅವ್ವ ಕೇಳಿದರೂ ಅಷ್ಟೇ.

ಭಾನುವಾರ ಬಂತೆಂದರೆ ಅಕ್ಕಲಕೋಟದಿಂದ ವಿಡಿಯೊ ಕಾಲ್. ಆ ಫೋನು ಪಂಕ್ತಿಯಲ್ಲಿ ಅನ್ನದ ಬುಟ್ಟಿ ಹೋದ ಹಾಗೆ ಎಲ್ಲರ ಮುಂದೂ ಹೋಗಬೇಕು. ಅಜ್ಜಿ, ಮಾಮಾ, ಮಾಮಿ, ಎದುರು ಮನೆಯವರು, ಸುಮ್ಮನೆ ಬಂದು ಕುಳಿತವರು. "ಥಂಡಿ ಭಾಳ ಅದ ಏನು? ಊಟ ಆತೇನು?" ಹತ್ತು ಮಂದಿ ಮುಖ ಚಾಚಿ ನೋಡುವಾಗ ಹದಿನಾಲ್ಕರ ಹುಡುಗಿ ಏನು ಹೇಳಬೇಕು? "ಆರಾಮ ಅದೀನಿ" ಅನ್ನುತ್ತಿದ್ದೆ. ಅವರಿಗೂ ಅಷ್ಟೇ ಬೇಕಿತ್ತು.

ಮಾವಶಿಗೆ ಮಾತ್ರ ಅದು ಸಾಲಲಿಲ್ಲ. ಮೂರು ತಿಂಗಳಾದ ಮೇಲೆ, ಶಾಲೆ ಬಿಟ್ಟು ಮನೆಗೆ ನಡೆಯುವ ಇಪ್ಪತ್ತು ನಿಮಿಷ ಅವಳಿಗೆ ಫೋನ್ ಮಾಡತೊಡಗಿದೆ. ಮೊದಲ ದಿನವೇ "ಆರಾಮ ಅದೀನಿ ಮಾವಶಿ" ಅಂದದ್ದಕ್ಕೆ ರೇಗಿದಳು.

"ಆ ಬಾತಮಿ ನಿಮ್ಮ ಮಾಮಾಗ ಹೇಳು. ನನಗ ಇದನ್ನ ಹೇಳು, ಇವತ್ತ ಯಾರ ಜೋಡಿ ಮಾತಾಡ್ದಿ?"

"ಯಾರ ಜೋಡೀನೂ ಇಲ್ಲ."

ಅತ್ತ ಹೊಲಿಗೆ ಮಷೀನಿನ ಸದ್ದು ನಿಂತಿತು. ಆಮೇಲೆ, "ನಾಳಿ ಒಬ್ಬರ ಹೆಸರ ಕೇಳ್ಕೊಂಡ ಬಾ. ಹೆಸರ ಇಲ್ಲದ ಫೋನ್ ಮಾಡಬ್ಯಾಡ. ತಿಳೀತಿಲ್ಲೋ ಹುಚ್ಚ ಪೋರಿ?" ಅಂದಳು.

ಮರುದಿನ ತಂದದ್ದು ಕ್ಯಾಂಟೀನಿನಲ್ಲಿ ಬಡಿಸುವ ಹೆಂಗಸಿನ ಹೆಸರು. ಅದೂ ನಡೆಯಿತು. ಆಮೇಲೆ ಪಕ್ಕದ ಬೆಂಚಿನ ಹುಡುಗ. ಆಮೇಲೆ ಪೋಲೆಂಡಿನಿಂದ ಬಂದಿದ್ದ ಒಬ್ಬ ಹುಡುಗಿ, ನನ್ನ ಹಾಗೇ ಒಬ್ಬಳೇ ಉಣ್ಣುತ್ತಿದ್ದವಳು. ಆ ಹೆಸರು ಮಾವಶಿಯ ನಾಲಿಗೆಗೆ ಹೊರಳಲಿಲ್ಲ, ಅದಕ್ಕೆ "ಬಿಳಿ ಹುಬ್ಬಿನಾಕಿ" ಅಂತಲೇ ಕರೆದಳು. ನಾನಾಗಿ ಹೋಗಿ ಅವಳ ಪಕ್ಕ ಕೂಡಲು ನಾಚಿಕೆ ಅಂದರೆ, "ಆಕಿಗೂ ಯಾರೂ ಇಲ್ಲ, ನಿನಗೂ ಯಾರೂ ಇಲ್ಲ. ಮತ್ತ ನಿನಗೇನ ಆರತಿ ಎತ್ತಿ ಕರೀಬೇಕೇನ?" ಅಂತ ಬೈದಳು. ಹೋಗಿ ಕುಳಿತೆ. ಅವಳ ಡಬ್ಬಿಯಲ್ಲಿ ಏನಿತ್ತು ಅನ್ನುವುದು ಮರುದಿನದ ಸುದ್ದಿ. ಹೆಚ್ಚುಕಡಿಮೆ ಎರಡು ವರ್ಷ ಹೀಗೆ ನಡೆಯಿತು. ನಾನು ಆ ದೇಶದಲ್ಲಿ ಹುಚ್ಚಿಯಾಗದೆ ಉಳಿದದ್ದು ಅದರಿಂದ.

ಹದಿನಾರಕ್ಕೆ ಅಲ್ಲಿ ದೊಡ್ಡ ಪರೀಕ್ಷೆ. ಆ ವರ್ಷ ಫೆಬ್ರವರಿಯಲ್ಲಿ ಒಂದು ದಿನ ಫೋನ್ ಎತ್ತಿದವರು ಅವಳ ಸೊಸೆ, ನಮ್ಮ ವೈನಿ. "ಅತ್ತಿಯಾರು ವಳಸಂಗಕ್ಕ ಮಗಳ ಮನಿಗೆ ಹೋಗ್ಯಾರ. ಫೋನ್ ಇಲ್ಲೇ ಬಿಟ್ಟಾರ. ಅಲ್ಲಿ ರೇಂಜ್ ಇರಂಗಿಲ್ಲ" ಅಂದರು. ವಳಸಂಗದಲ್ಲಿ ರೇಂಜ್ ಇಲ್ಲವಂತೆ! ದಿನಾ ಬೆಳಿಗ್ಗೆ ಅರ್ಧ ಊರು ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಕೆಲಸಕ್ಕೆ ಬರುತ್ತದೆ, ಅಲ್ಲಿ ರೇಂಜ್ ಇಲ್ಲ! ನಾನು ಪೆದ್ದಿ, ನಂಬಿದೆ. ಬಂದಮೇಲೆ ಕೇಳಲಿ ಅಂತ ಅವಳ ಫೋನಿಗೆ ದಿನಾ ಸಂಜೆ ಮನೆಗೆ ಬಂದು ವಾಯ್ಸ್ ಮೆಸೇಜ್ ಮಾಡತೊಡಗಿದೆ. ಇವತ್ತು ಇಂಥವರ ಹೆಸರು, ಬಿಳಿ ಹುಬ್ಬಿನಾಕಿ ಹೀಗಂದಳು...

ಒಂದು ತಿಂಗಳಾಯಿತು, ಎರಡಾಯಿತು. ಉತ್ತರವಿಲ್ಲ. ಅವಳಿಗೂ ನಾನು ಬೇಡವಾದೆ ಅಂತ ನನಗೆ ಖಾತ್ರಿಯಾಯಿತು. ಒಂದು ಸಂಜೆ ಬಾಯಿಗೆ ಬಂದದ್ದೆಲ್ಲ ಅಂದೆ. "ನಿನಗೂ ನಂದು ಬ್ಯಾಸರ ಬಂತಲ್ಲ? ಬರ್ಲಿ. ನೀನೂ ಎಲ್ಲಾರ ಹಂಗs ಇದ್ದಿ. ಇನ್ನ ಫೋನ್ ಮಾಡಂಗಿಲ್ಲ ಹೋಗು." ಅದೇ ಕೊನೆಯ ಮೆಸೇಜ್. ಮರುದಿನದಿಂದ ಮತ್ತೆ ಲೈಬ್ರರಿಯ ಮೂಲೆ. ಆ ಹುಡುಗಿ ಹುಡುಕಿಕೊಂಡು ಬಂದರೂ ಮಾತಾಡಲಿಲ್ಲ.

ಪರೀಕ್ಷೆ ಮುಗಿಸಿ ಜುಲೈಯಲ್ಲಿ ಸೊಲ್ಲಾಪುರಕ್ಕೆ ಬಂದೆವು. ಬ್ಯಾಗು ಇಳಿಸಿ ಜಗಳ ಆಡಲೆಂದೇ ಅವಳ ಮನೆಗೆ ಓಡಿದೆ. ಹೊಲಿಗೆ ಮಷೀನಿನ ಮುಂದೆ ವೈನಿ ಕುಳಿತಿದ್ದರು. "ಮಾವಶಿ ಎಲ್ಲಿ?" ಅಂದೆ. ವೈನಿ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಹೊಸ್ತಿಲಲ್ಲಿ ನಿಂತಿದ್ದ ಅವ್ವನನ್ನು ನೋಡಿದರು.

ಫೆಬ್ರವರಿಯಲ್ಲೇ ದವಾಖಾನೆಗೆ ಸೇರಿಸಿದ್ದರಂತೆ. ಕೆಲವು ವಾರ ಇದ್ದು ಹೋದಳಂತೆ. ಓಣಿಗೆಲ್ಲ ಗೊತ್ತು, ಅಕ್ಕಲಕೋಟಕ್ಕೆ ಗೊತ್ತು, ಅವ್ವನಿಗೆ ಗೊತ್ತು. ಪೋರಿಯ ಪರೀಕ್ಷೆ ಇದೆ, ಮನಸ್ಸು ಕೆಡುತ್ತದೆ, ಹೇಳಬೇಡಿ ಅಂತ ಎಲ್ಲರಿಗೂ ತಾಕೀತು ಮಾಡಿದವಳು ಅವ್ವನೇ.

"ನಾ ದಿನಾ ಮೆಸೇಜ್ ಮಾಡೂದು ನಿನಗ ಬಾಜೂ ಖೋಲ್ಯಾಗ ಕೇಳ್ತಿತ್ತಿಲ್ಲೋ?" ಅಂದೆ.

"ಕೇಳ್ತಿತ್ತು," ಅಂದಳು ಅವ್ವ. "ನಿನ್ನ ಛಲೋದಕ್ಕs ಮಾಡೀನಿ."

ನನ್ನ ಛಲೋದಕ್ಕಂತೆ! ಪರೀಕ್ಷೆ ಪಾಸಾಯಿತು, ಮಾರ್ಕೂ ಚೆನ್ನಾಗಿ ಬಂದವು. ಮನೆಯವರ ಲೆಕ್ಕದಲ್ಲಿ ಅಲ್ಲಿಗೆ ಎಲ್ಲ ಸರಿಹೋಯಿತು. ಆ ಮೂರು ತಿಂಗಳು ನಾನು ಯಾರಿಗೂ ಬೇಡದವಳೆಂದು ನಂಬಿ ಬದುಕಿದ್ದು ಯಾರ ಲೆಕ್ಕದಲ್ಲೂ ಇಲ್ಲ. ಮಾವಶಿಗಾಗಿ ಅಳುವ ಹೊತ್ತಿಗೆ ಅಳಲು ನನಗೆ ಬಿಡಲಿಲ್ಲ. ಆ ಹೊತ್ತು ದಾಟಿದ ಮೇಲೆ ಅಳು ಬರಲೇ ಇಲ್ಲ...

ಎಂಟು ವರ್ಷ ಒಂದು ಪ್ರಶ್ನೆ ಕೇಳಲು ಧೈರ್ಯ ಸಾಲಿರಲಿಲ್ಲ. ಹೋದ ವಾರ ಆ ಅಂಗಡಿಯಿಂದ ನೆಟ್ಟಗೆ ವೈನಿಯ ಮನೆಗೆ ಹೋದೆ. ಚಹಾ ಮಾಡಿದರು.

"ದವಾಖಾನ್ಯಾಗ ಮಾವಶಿ ನನ್ನ ಮೆಸೇಜ್ ಕೇಳ್ಯಾಳೇನ್ರಿ ವೈನಿ?"

"ಮೊದಮೊದಲಿನ್ವು ಕೇಳ್ಯಾರವಾ. ಬಾಯಾಗ ನಳಿಗಿ ಹಾಕಿದ್ರು, ಮಾತಾಡಾಕ ಬರ್ತಿದ್ದಿಲ್ಲ. ನಾನs ಕಿವಿಗೆ ಹಿಡೀತಿದ್ದೆ. ಕಣ್ಣಾಗ ನಗತಿದ್ರು."

"ಮತ್ತ... ನಾ ಸಿಟ್ಟಿಲೆ ಮಾಡಿದ್ದು?"

ವೈನಿ ಚಹಾದ ಬಶಿ ಕೆಳಗಿಟ್ಟರು. "ಇಲ್ಲ ತಂಗಿ. ಅದು ಬರೂದರಾಗ ಹೋಗಿದ್ರು. ಖರೇನ ಹೇಳ್ತೀನಿ."

ಇರಬಹುದು. ವೈನಿ ಒಳ್ಳೆಯವರು, ನನ್ನ ಮುಖ ನೋಡಿಕೊಂಡೇ ಹೇಳಿದರು. ಆದರೆ ಅವಳು ವಳಸಂಗಕ್ಕೆ ಹೋಗಿದ್ದಾಳೆ ಅಂತ ಹೇಳಿದ್ದೂ ಇದೇ ದನಿಯಲ್ಲೇ. ಅವಳು ಹೋದದ್ದು ಯಾವ ದಿನ ಅಂತ ಅವ್ವನನ್ನು ಕೇಳಿದರೆ ಒಂದು ಹೇಳುತ್ತಾಳೆ, ಮಾಮಾ ಇನ್ನೊಂದು. ಎಲ್ಲರೂ ನನ್ನ ಮನಸ್ಸು ಕೆಡದ ಹಾಗೆ ನೋಡಿಕೊಳ್ಳುವವರೇ. ಹೋದದ್ದು ಮಾವಶಿ ಒಬ್ಬಳೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನನ್ನವರ ಬಾಯಿಂದ ಬಂದ ಒಂದು ಮಾತನ್ನು ಹಾಗೆಯೇ ನಂಬುವುದೂ ಅವಳ ಜೊತೆಯೇ ಹೋಯಿತು.

"ಛಲೋ ಆತು ಬಿಡ್ರಿ ವೈನಿ," ಅಂದು ಚಹಾ ಕುಡಿದು ಎದ್ದೆ. ಅದೂ ಸುಳ್ಳೇ.