ಚಾಂದ ಹೇಳದೇ ಹೋದ ಸೆಕೆಂಡ್ ಹಾಫ್

ಶ್ರೀಮದ್ ವಾಡಿ ಜಂಕ್ಷನ್ ಸಂಸ್ಥಾನದ ನೆಲದ ಕ್ಲಾಸಿನ ಮಹಾಪ್ರಭುಗಳೇ,
ಶಹಾಬಾದಿನ ಬಾಲ್ಕನಿ ಚಕ್ರವರ್ತಿಗಳೇ,
ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಸಮಸ್ತ ಶಿಳ್ಳೆ ವಿದ್ವಾಂಸರೇ,
ಈ ಗ್ರೂಪಿನ ಆನ್‌ಲೈನ್, ಆಫ್‌ಲೈನ್ ದೊರೆಗಳೇ...

ಎಲ್ಲಿದ್ದೀರೋ ಅಲ್ಲೇ ಎದ್ದು ನಿಲ್ಲಬೇಕು.

ನಮ್ಮ ಚಾಂದ ಹೋದ.

ಬೋರ್ಡ್ ಬರೆಯೋ ಚಾಂದ.
ಕ್ವಾರ್ಟರ್ಸಿನ ಹಿಂದಿನ ಗಲ್ಲಿಯ ಚಾಂದ...

ಬೆಳಿಗ್ಗೆ ಅವನ ಅಣ್ಣ ಫೋನ್ ಮಾಡಿದಾಗ ನಾನು ನಕ್ಕೆ.
ಇಂಥ ಫೋನು ನಾನೂ ಚಾಂದನೂ ಸೇರಿ ಎಷ್ಟು ಜನಕ್ಕೆ ಮಾಡಿಲ್ಲ...
ಇಲ್ಲಿರೋ ಅರ್ಧ ಮಂದಿಯನ್ನ ನಾವೇ ಒಮ್ಮೊಮ್ಮೆ ಸಾಯಿಸಿದ್ದೀವಿ.
"ಭಾಯ್, ಆಕ್ಟಿಂಗ್ ಸಾಲದು. ಫೋನ್ ಅವನ ಕೈಯಾಗ ಕೊಡ್ರಿ," ಅಂದೆ.
ಅವನ ಹಿಂದೆ ಹೆಂಗಸರು ಅಳೋದು ಕೇಳಿಸ್ತು.

ನಸುಕಿನಲ್ಲಿ ಎದೆನೋವು ಅಂದನಂತೆ.
ಜೀಪು ಗುಲ್ಬರ್ಗಾ ಮುಟ್ಟೋದ್ರೊಳಗ ಮುಗಿದಿತ್ತಂತೆ.

ಇನ್ನೂ ಸುಳ್ಳೇ ಅನ್ನಿಸ್ತಿದೆ.
ಈಗ ನಾನಿದನ್ನ ಟೈಪ್ ಮಾಡ್ತಿರೋ ಈ ನೆಟ್ ಸೆಂಟರಿನ ಬಾಗಿಲಲ್ಲಿ ತಲೆ ಹಾಕಿ, "ಏ ಮಾಧ್ಯಾ, ಗಾಡಿ ಬರಾಕತ್ತದ, ಮ್ಯಾಟಿನಿಗೆ ನಡಿ" ಅಂತಾನೆ ಅನ್ನಿಸ್ತಿದೆ...

ನಮ್ಮ ದಿನಗಳೇ ಹಾಗಿದ್ದವು.
ಪ್ಯಾಸೆಂಜರ್ ಹತ್ತಿ ಶಹಾಬಾದಿನ ಟಾಕೀಸು.
ಚಿತ್ತಾಪುರಕ್ಕೆ ನಾಟಕ ಕಂಪನಿ ಬಂದರೆ ತಗಡಿನ ಥಿಯೇಟರಿನಲ್ಲಿ ಮುಂದಿನ ಸಾಲು.
ಭಾನುವಾರ ಯಾರ ಮನೆಯಲ್ಲಿ ಟಿವಿ ಚೆನ್ನಾಗಿ ಕಂಡರೆ ಅದೇ ನಮ್ಮ ಮನೆ.
ಸೇಡಂನ ಒಂದು ಶಾಲೆಯಲ್ಲಿ ಚಿತ್ರ ಪ್ರದರ್ಶನ ಅಂದಾಗ ಅಲ್ಲಿಗೂ ಹೋಗಿದ್ವಿ.
ಚಾಂದ ಗೋಡೆಗೆ ತೂಗುಹಾಕಿದ ಒಂದೊಂದು ಚಿತ್ರದ ಮುಂದೆಯೂ ಕೈ ಹಿಂದೆ ಕಟ್ಟಿ ನಿಂತು, ನೋಡಿ ನೋಡಿ,
"ಭಾಳ ಛಲೋ ಅವ... ಖರೇ ಇಂಟರ್ವಲ್ ಇಲ್ಲ, ಅದೊಂದೇ," ಅಂದಿದ್ದ.

ಟಾಕೀಸಿನ ಕಿಂಡಿಯಿಂದ ಬೆಳಕು ಬರ್ತಿತ್ತಲ್ಲ... ಅದರೊಳಗೆ ಧೂಳು ನಿಧಾನಕ್ಕೆ ತೇಲ್ತಿತ್ತು.
ಶೋ ಬಿಟ್ಟು ವಾಡಿಗೆ ಬಂದಿಳಿದರೆ ಸಿಮೆಂಟ್ ಫ್ಯಾಕ್ಟರಿಯ ಊರಿನ ಮೇಲೂ ಅದೇ ಧೂಳು, ಅದೇ ಬೆಳಕು.
ಸಿನಿಮಾ ಎಲ್ಲಿ ಮುಗೀತು, ವಾಡಿ ಎಲ್ಲಿ ಶುರುವಾಯ್ತು, ನಮಗೆ ತಿಳೀತಿರಲಿಲ್ಲ...

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ.
ನಮ್ಮ ಅಜ್ಜಿ ಮಡಿಯವಳು. ಟಾಕೀಸಿನ ಮೆಟ್ಟಿಲು ಹತ್ತಿದವಳಲ್ಲ.
ಆಕೆಯ ಟಾಕೀಸು ಅಂದರೆ ಚಾಂದ.

ಪಿಕ್ಚರ್ ನೋಡಿ ಬಂದ ಮಾರನೇ ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂಡ್ತಿದ್ದ. ಅಜ್ಜಿ ಹೊಸ್ತಿಲ ಒಳಗೆ.
ಫೈಟು, ಹಾಡು, ಮಳೆ, ಎಲ್ಲಾ ಅವನೇ.
ಅರ್ಧಕ್ಕೆ ಬಂದ ಕೂಡಲೇ "ಇಂಟರ್ವಲ್‌ರೀ ಅಜ್ಜಿ" ಅಂತ ಚಪ್ಪಲಿ ಮೆಟ್ಟಿ ಎದ್ದೇಬಿಡೋನು.
ಉಳಿದದ್ದು ಮರುದಿನ.
ಅಜ್ಜಿ ಬೈದಳು, ಕಾಡಿದಳು, ಚಕ್ಕುಲಿ ಡಬ್ಬಿ ತೋರಿಸಿದಳು... ಅವ ಬಗ್ಗಲಿಲ್ಲ.

ಒಮ್ಮೆ ಅವನು ಹೇಳಿದ ಸಿನಿಮಾನೇ ಟಿವಿಯಲ್ಲಿ ಬಂತು.
ಕೊನೆಗೆ ಹೀರೋ ಸತ್ತ.
ಚಾಂದನ ಕಥೆಯಲ್ಲಿ ಅವನು ಮದುವೆಯಾಗಿ, ಚಿಂಚೋಳಿ ಕಡೆ ಹೊಲ ಮಾಡಿಕೊಂಡು ಸುಖವಾಗಿದ್ದ.
ಅಜ್ಜಿ ಟಿವಿ ಆರಿಸಲಿಕ್ಕೆ ಹೇಳಿದಳು.
"ಈ ಟಿವಿಯವರಿಗೆ ಕಥಿ ನೆಟ್ಟಗ ಗೊತ್ತಿಲ್ಲ," ಅಂದಳು.

ಲೇ ಚಾಂದ್ಯಾ...
ನಿನ್ನೆ ಸಂಜಿ ಫಸ್ಟ್ ಹಾಫ್ ಹೇಳಿ ಹೋದೆಲ್ಲೋ.
ಅಣ್ಣನ ಜೋಡಿ ಜಗಳಾಡಿದ ಹುಡುಗ ಟ್ರಂಕ್ ಹಿಡಕೊಂಡು ಸ್ಟೇಷನ್ನಿಗೆ ಬಂದ. ಹಿಂದ ತಂಗಿ ಬುತ್ತಿ ತಗೊಂಡು ಓಡಿ ಬರಾಕತ್ತಾಳ. ಗಾರ್ಡು ಹಸಿರು ಝಂಡಾ ಎತ್ತಿದ...
ಅಷ್ಟಕ್ಕೇ ನೀ ಎದ್ದಿ.
"ಅವಾ ಗಾಡಿ ಹತ್ತತಾನೋ ಇಲ್ಲೋ, ಅಷ್ಟರ ಹೇಳಿ ಹೋಗೋ," ಅಂತ ಅಜ್ಜಿ ಒದರಿದಳು.
ನೀ ಓಣಿ ತಿರುವಿನಾಗ ಕೈ ಬೀಸಿದಿ.

ಇವತ್ತ ಆಕಿಗೆ ನಾ ಏನ್ ಹೇಳ್ಲೋ...

ಮಣ್ಣು ಕೊಟ್ಟು ಬರುವಾಗ ಸ್ಟೇಷನ್ ಗೋಡೆ ನೋಡಿದೆ.
ಆ ಸಿನಿಮಾದ ಪೋಸ್ಟರ್ ಮೇಲೆ ಬೇರೆ ಪೋಸ್ಟರ್ ಹಚ್ಚಿದ್ದಾರೆ. ಇನ್ನೂ ಒದ್ದೆ ಇತ್ತು.
ಪಿಕ್ಚರ್ ಎತ್ತಿಬಿಟ್ಟಿದ್ದಾರೆ. ನೋಡಿ ಬಂದು ಹೇಳೋಣ ಅಂದ್ರೂ ಇಲ್ಲ.

ಅಜ್ಜಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಂದುಕೊಂಡೇ ಮನೆಗೆ ಹೋದೆ.
ಆಕೆ ಹೊಸ್ತಿಲು ದಾಟಿ ಬಂದು ಕಟ್ಟೆಯ ಮೇಲೆ, ಅವನು ಕೂಡೋ ಜಾಗದಲ್ಲೇ ಕೂತಿದ್ದಳು.

"ಮಣ್ಣು ಆತೇನು?"
"ಆತಜ್ಜಿ."
"ಹಂಗಾರ ಕುಂದ್ರು. ಹೇಳು... ಆ ಹುಡುಗ ಗಾಡಿ ಹತ್ತಿದನೇನು?"

ಜಂಕ್ಷನ್ ಕಡೆಯಿಂದ ಯಾವುದೋ ಗೂಡ್ಸ್ ಗಾಡಿ ಹೋಗೋ ಸಪ್ಪಳ... ಭಾಳ ಹೊತ್ತು ಬಂತು. ಆಕೆಯ ಪಕ್ಕದಲ್ಲಿ ಕೂತೆ.

"ಹತ್ತಿದ," ಅಂದೆ.
"ತಂಗಿ ಬುತ್ತಿ?"
"ಮುಟ್ಟಿತು. ಕಿಟಕಿಯಾಗಿಂದ ಕೈ ಚಾಚಿ ತಗೊಂಡ."
"ಕಿಟಕಿ ಸೀಟು ಸಿಕ್ಕಿತೇನು?"
"ಹ್ಞೂಂ."
"ಟಿಕೀಟು?"
"ತಗೊಂಡಿರಲಿಲ್ಲ."
"ಟೀಸಿ ಹಿಡೀಲಿಲ್ಲ ಹೌದಿಲ್ಲೋ?"
"ಇಲ್ಲಜ್ಜಿ."
"ಛಲೋ ಆತು."

ಮೊಣಕಾಲು ಹಿಡಿದು ಎದ್ದಳು.
"ಇಷ್ಟು ಸಾಕು. ಉಳಿದದ್ದು ನಾಳೆ ಹೇಳು," ಅಂದಳು.

ಹೋಗಿ ಬಾ ಚಾಂದ್ಯಾ...
ನಿನ್ನ ರೂಹಿಗೆ, ನಿನ್ನ ಆತ್ಮಕ್ಕೆ ತಂಪು ನೆರಳು ಸಿಗಲಿ.
ಮುಂದಿನ ಸೀಟಿನಲ್ಲಿ ಎತ್ತರದವರು ಯಾರೂ ಕೂಡದಿರಲಿ...

ದೊರೆಗಳು ಇನ್ನು ಕೂಡಬಹುದು.

ಆದರೆ ಒಂದು ಮಾತು...
ಆ ಸಿನಿಮಾ ನಾನೂ ಅವನ ಪಕ್ಕದಲ್ಲೇ ಕೂತು ನೋಡಿದ್ದೆ.
ಇಂಟರ್ವಲ್ ಆದ ಮೇಲೆ ನಿದ್ದೆ ಹೋಗಿದ್ದೆ. ಯಾವಾಗಲೂ ಹಾಗೇ.
ಯಾವ ಸಿನಿಮಾದ ಸೆಕೆಂಡ್ ಹಾಫೂ ನಾನು ಟಾಕೀಸಿನಲ್ಲಿ ನೋಡಿದವನಲ್ಲ.
ಅಜ್ಜಿಯ ಹಿಂದೆ ಗೋಡೆಗೆ ಒರಗಿ ಕೇಳಿದ್ದಷ್ಟೇ...