ಲಾಳಿಯ ಮಂಡಿ

ಕೋವಿಡ್ ಕಳೆದು, ಜನ ಮಾಸ್ಕುಗಳನ್ನು ಹಳೇ ಅಂಗಿಯ ಜೇಬಿನಲ್ಲಿ ಮರೆತುಬಿಟ್ಟಿದ್ದ ವರ್ಷ ಅದು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಿಂದ ಚೀಫ್ ಆಗಿ ನಿವೃತ್ತಳಾಗಿದ್ದ ನಾನು, ಮನೆಯಲ್ಲಿ ಕೂತು ಕ್ರಾಸ್‌ವರ್ಡ್ ತುಂಬುವುದು ಸಾಕೆನಿಸಿ, ದೊಡ್ಡಬಳ್ಳಾಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ವಾರಕ್ಕೆ ಮೂರು ದಿನ ಕನ್ಸಲ್ಟೆಂಟ್ ಆಗಲು ಒಪ್ಪಿಕೊಂಡಿದ್ದೆ. ಯಲಹಂಕದಿಂದ ಬೆಳಗಿನ ರೈಲಿನಲ್ಲಿ ಹೋಗುತ್ತಿದ್ದೆ. ಕಾರಿಡಾರಿನ ತುದಿಯಲ್ಲಿದ್ದ ನನ್ನ ಕೋಣೆಗೆ ಒಂದೇ ಬಾಗಿಲು, ಎತ್ತರದಲ್ಲೊಂದು ಗಾಳಿಕಿಂಡಿ. ಹಿಂಬದಿಯ ಗೋಡೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್. ದಿನವಿಡೀ ಖಟಕ್ ಖಟಕ್. ಮೊದಲ ವಾರ ತಲೆನೋವು ಬಂತು. ಆಮೇಲೆ ಕರೆಂಟ್ ಹೋಗಿ ಸದ್ದು ನಿಂತರೇ ಗಾಬರಿಯಾಗುತ್ತಿತ್ತು.

ಊರಿನವರ ಬಾಯಲ್ಲಿ ನಾನು "ಕರೆಂಟ್ ಇಡೋ ಮೇಡಂ". ಕೀಲು, ಸ್ನಾಯುಗಳನ್ನು ವ್ಯಾಯಾಮದಿಂದ ಮತ್ತೆ ಕೆಲಸಕ್ಕೆ ಹಚ್ಚುವುದು ನಮ್ಮ ವಿದ್ಯೆ ಎಂದು ಎಷ್ಟು ವಿವರಿಸಿದರೂ, "ಅದಿರ್ಲಿ ಮೇಡಂ, ಒಂಚೂರು ಕರೆಂಟ್ ಇಡಿ" ಎನ್ನುತ್ತಿದ್ದರು. ಕತ್ತು ಹಿಡಿದುಕೊಂಡ ನೇಕಾರರು, ಮಣಿಕಟ್ಟು ಸೋತ ಹೆಂಗಸರು, ಪಕ್ಕದ ಮಧುರೆ ಹೋಬಳಿಯಿಂದ ಬರುವ ಸೊಂಟ ನೋವಿನ ರೈತರು. ಇಂಥವರ ನಡುವೆ ಒಂದು ಬೆಳಿಗ್ಗೆ ನೋಡಿದರೆ ನನ್ನ ಕಾರಿಡಾರ್ ತುಂಬ ಹಳದಿ ಜರ್ಸಿ ತೊಟ್ಟ ಗಂಡಸರು!

ಕತ್ತು ಮುಚ್ಚುವಷ್ಟು ಗಡ್ಡ ಬಿಟ್ಟ ನಲವತ್ತರ ಆಸಾಮಿಯೊಬ್ಬ ಮೊದಲು ಒಳಗೆ ಬಂದ. "ಮೇಡಂ, ನಮ್ ಲಾಳಿ ಬಂದವ್ನೆ," ಎಂದ, ಯಾರೋ ಮಿನಿಸ್ಟರ್ ಬಂದಿದ್ದಾರೆ ಅನ್ನುವ ಹಾಗೆ.

"ಯಾರಪ್ಪ ಅದು?"

"ಲಾಳಿ ಗೊತ್ತಿಲ್ವಾ? ಬಸ್ ಸ್ಟ್ಯಾಂಡ್ ಮುಂದೆ ಅಷ್ಟು ದೊಡ್ಡ ಫ್ಲೆಕ್ಸ್ ಹಾಕಿದೀನಿ, ನೋಡಿಲ್ವಾ ಮೇಡಂ ನೀವು?"

ನೋಡಿದ್ದೆ. ಗಾಳಿಯಲ್ಲಿ ಜಿಗಿದ ಹುಡುಗ, ಕಾಲಡಿ ಫುಟ್‌ಬಾಲ್, ಹಿಂದೆ ತ್ರಿವರ್ಣ. "ನಮ್ಮೂರ ಹೆಮ್ಮೆ, ಭಾರತದ ನಾಳೆ" ಎಂಬ ಬರಹ. ಕೆಳಗೆ ಕೂಲಿಂಗ್ ಗ್ಲಾಸ್ ಹಾಕಿದ ಅಭಿಮಾನಿಗಳ ಸಾಲು ಸಾಲು ಮುಖ. ಅವುಗಳಲ್ಲಿ ಎಲ್ಲರಿಗಿಂತ ದೊಡ್ಡದಾಗಿ, ಕಿವಿಗೆ ಮೊಬೈಲ್ ಒತ್ತಿಕೊಂಡಿದ್ದವನೇ ಈ ರಾಜಣ್ಣ. ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯವನು, ಅಭಿಮಾನಿ ಬಳಗದ ಅಧ್ಯಕ್ಷ.

ಹುಡುಗನ ಹೆಸರು ಫಯಾಜ್. ವಯಸ್ಸು ಇಪ್ಪತ್ನಾಲ್ಕು. ತಂದೆ ಮಗ್ಗದ ಕೆಲಸದವರು. ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಪಂದ್ಯವೊಂದರಲ್ಲಿ ಮೈದಾನದ ಅಂಚು ಹಿಡಿದು ಅವನು ಓಡಿದ ಓಟಕ್ಕೆ ಯಾರೋ ನೇಕಾರರು "ಲಾಳಿ ಕಣ್ರೋ ಇವ್ನು!" ಎಂದು ಕೂಗಿದ್ದರು. ಲಾಳಿ ಎಂದರೆ ಮಗ್ಗದಲ್ಲಿ ನೂಲು ಹೊತ್ತು ಈ ತುದಿಯಿಂದ ಆ ತುದಿಗೆ ಕಣ್ಣಿಗೆ ಕಾಣದ ವೇಗದಲ್ಲಿ ಓಡಾಡುವ ಶಟಲ್. ಆ ಹೆಸರು ನಿಂತಿತು. ಬೆಂಗಳೂರಿನ ಕ್ಲಬ್ ಒಂದು ಅವನನ್ನು ರಿಸರ್ವ್ ತಂಡಕ್ಕೆ, ಅಂದರೆ ಮುಖ್ಯ ತಂಡದ ಹಿಂದೆ ಕಾಯುವವರ ತಂಡಕ್ಕೆ, ಸೇರಿಸಿಕೊಂಡಾಗ ಊರಿನಲ್ಲಿ ಪಟಾಕಿ ಹೊಡೆದರು. ಅಲ್ಲಿ ಎರಡು ಸೀಸನ್ ಹೆಚ್ಚಾಗಿ ಬೆಂಚಿನಲ್ಲೇ ಕೂತು, ಊರಿಗೆ ವಾಪಸಾದವನು ಬಲಮಂಡಿಗೆ ಬ್ರೇಸ್, ಅಂದರೆ ಆಧಾರದ ಪಟ್ಟಿ, ಕಟ್ಟಿಕೊಂಡು ಕುಂಟತೊಡಗಿ ಎಂಟು ತಿಂಗಳಾಗಿತ್ತು.

"ಭಾನುವಾರ ನಮ್ಮೂರ ಟೂರ್ನಮೆಂಟ್ ಫೈನಲ್ ಮೇಡಂ. ದೊಡ್ಡ ಕ್ಲಬ್ಬಿಂದ ನೋಡೋಕೆ ಬರ್ತಾವ್ರೆ. ಹೆಂಗಾದ್ರೂ ಮಾಡಿ ರೆಡಿ ಮಾಡ್ಕೊಡಿ. ಇವನು ಗ್ರೌಂಡಿಗೆ ಇಳಿಯೋವರ್ಗೂ ಗಡ್ಡ ತೆಗೆಯಲ್ಲ ಅಂತ ಘಾಟಿ ಸುಬ್ರಹ್ಮಣ್ಯಂಗೆ ಹರಕೆ ಹೊತ್ತಿದೀನಿ. ಮನೇಲಿ ಹೆಂಡ್ತಿ ಹತ್ರ ಸೇರಿಸ್ತಿಲ್ಲ."

ರಾಜಣ್ಣನನ್ನು ಹೊರಗೆ ಕಳಿಸಿ, ಫಯಾಜ್‌ನನ್ನು ಕೌಚಿನ ಮೇಲೆ ಮಲಗಿಸಿದೆ. ಬಾಗಿಲಾಚೆ ಹಳದಿ ಜರ್ಸಿಗಳು ಕಾಯುವ ಬೇಸರಕ್ಕೆ ತಂತಮ್ಮ ಮೆಚ್ಚಿನ ವಿದೇಶಿ ಕ್ಲಬ್ಬುಗಳ ಸುದ್ದಿ ಎತ್ತಿಕೊಂಡಿದ್ದರು. ಮಾತೆಲ್ಲ ಒಳಗೇ ಕೇಳುತ್ತಿತ್ತು.

"ನಿಮ್ ಕ್ಲಬ್ಬು ತಂದಿತ್ತಲ್ಲ ಆ ಬ್ರೆಜಿಲ್ ಹುಡ್ಗ, ಏನಾದ ಗುರು? ಏರ್‌ಪೋರ್ಟಲ್ಲಿ ಹಾರ ಹಾಕಿಸ್ಕೊಂಡಿದ್ದೇ ಬಂತು."

"ಲೇ, ನೆಕ್ಸ್ಟ್ ಸೀಸನ್ ಕ್ಲಿಕ್ ಆಗ್ತಾನೆ ನೋಡು."

"ನಾಕು ವರ್ಷದಿಂದ ಇದೇ ಅಂತಿದೀಯ. ಕ್ಲಿಕ್ ಆಗಕ್ಕೆ ಅವನೇನು ಟಾರ್ಚಾ?"

ಎಲ್ಲರೂ ನಕ್ಕರು. ಫಯಾಜ್ ಕಣ್ಣು ಮುಚ್ಚಿಕೊಂಡ.

ಅವನ ಎಂಆರ್‌ಐ ನೋಡಿದೆ, ನಾರ್ಮಲ್. ತೊಡೆ, ಮೊಣಕಾಲು ಹಿಡಿದು ಎಳೆದು ಲಿಗಮೆಂಟ್ ಸಡಿಲವಾಗಿದೆಯೇ ಎಂದು ತಿಳಿಯುವ ಟೆಸ್ಟುಗಳನ್ನೆಲ್ಲ ಮಾಡಿದೆ. ಗಟ್ಟಿಯಾಗಿತ್ತು. ಕೊನೆಗೆ ಟೇಪು ತೆಗೆದುಕೊಂಡು ಎರಡೂ ತೊಡೆಗಳ ಸುತ್ತಳತೆ ತೆಗೆದೆ. ನೋವಿರುವ ಮಂಡಿಯ ಮೇಲೆ ಭಾರ ಹಾಕದೆ ಇದ್ದರೆ ಕೆಲವೇ ವಾರಗಳಲ್ಲಿ ಆ ತೊಡೆಯ ಸ್ನಾಯು ಕರಗುತ್ತದೆ. ಇವನದು ಎರಡೂ ಒಂದೇ ಅಳತೆ. ಮನುಷ್ಯ ಎಂಟು ತಿಂಗಳು ಕುಂಟಬಹುದು, ಪಾಪ, ತೊಡೆಗೆ ಆ್ಯಕ್ಟಿಂಗ್ ಬರುವುದಿಲ್ಲ.

"ನೀನು ಓಡ್ತಾ ಇದೀಯ," ಎಂದೆ.

ಅವನು ತಟ್ಟನೆ ಎದ್ದು ಕೂತು ಬಾಗಿಲ ಕಡೆ ನೋಡಿದ. "ಮೆಲ್ಲಗೆ ಮೇಡಂ, ಪ್ಲೀಸ್."

ಮುಂಜಾನೆ ಮಧುರೆ ರಸ್ತೆಯಲ್ಲಿ, ಬ್ರೇಸ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಓಡುತ್ತಿದ್ದನಂತೆ. ಓಡದಿದ್ದರೆ ನಿದ್ದೆ ಬರುವುದಿಲ್ಲವಂತೆ.

"ಮಂಡಿಗೆ ಏನೂ ಆಗಿಲ್ಲ. ಮತ್ತೆ ಈ ನಾಟಕ ಯಾಕಪ್ಪ?"

"ಕ್ಲಬ್ಬಲ್ಲಿ ಕೋಚ್ ಕರೆದು ನೀಟಾಗಿ ಹೇಳಿದ್ರು ಮೇಡಂ, 'ಫಯಾಜ್, ನಿಂಗೆ ಸ್ಪೀಡ್ ಇದೆ, ಆಟ ಇಲ್ಲ' ಅಂತ. ನಂಗೆ ಸಿಟ್ಟು ಬರ್ಲಿಲ್ಲ, ನಿಜಾನೇ ಅದು. ಬಾಲ್ ಬಂದ್ರೆ ಓಡ್ತೀನಿ. ಓಡಿದ್ಮೇಲೆ ಏನ್ ಮಾಡ್ಬೇಕು, ತಲೇಗೆ ಹೊಳೆಯಲ್ಲ."

"ಇದನ್ನ ಊರಲ್ಲಿ ಹೇಳಿದೀಯಾ?"

"ಹೇಳ್ದೆ. 'ನೋಡ್ರೋ, ಎಷ್ಟು ವಿನಯ' ಅಂದ್ರು. ಇನ್ನೊಂದ್ಸಲ ಹೇಳ್ದೆ. 'ಕೋಚು ನಮ್ ಹುಡ್ಗನ ಕಾನ್ಫಿಡೆನ್ಸ್ ಮುರಿದವ್ನೆ' ಅಂತ ಫೇಸ್‌ಬುಕ್ಕಲ್ಲಿ ಅವರಿಗೇ ಬೈದ್ರು. ಕೊನೇಗೆ ಮಂಡಿ ನೋವು ಅಂದೆ. ಅದನ್ನ ಮಾತ್ರ ತಕ್ಷಣ ನಂಬಿದ್ರು."

ನಂಬಿದ್ದು ಮಾತ್ರವಲ್ಲ. ದರ್ಗಾಕ್ಕೆ ಚಾದರ ಹೊದಿಸಿದರು, ಘಾಟಿಗೆ ಹರಕೆ ಹೊತ್ತರು, ಎಲ್ಲರೂ ಸೇರಿ ಆ ಇಂಪೋರ್ಟೆಡ್ ಬ್ರೇಸ್ ತರಿಸಿಕೊಟ್ಟರು. ಈ ಮಧ್ಯೆ ದೇವನಹಳ್ಳಿಯಲ್ಲಿ, ಏರ್‌ಪೋರ್ಟಿನ ಕಾರ್ಗೋ ವಿಭಾಗದಲ್ಲಿ ಅವನಿಗೊಂದು ಕೆಲಸ ಸಿಕ್ಕಿತ್ತು. ಬರುವ ಸೋಮವಾರ ಸೇರಬೇಕು. ಅವನಿಗೆ ಆ ಕೆಲಸ ಬೇಕಿತ್ತು. ಬಳಗದವರು ಅವನ ಅಮ್ಮಿಯ ಹತ್ತಿರ ಹೋಗಿ, "ಲಾಳಿ ಹೋಗಿ ಲೋಡ್ ಹೊರ್ತಾನಾ? ಊರಿನ ಮರ್ಯಾದೆ ಏನಾಗ್ಬೇಕು?" ಎಂದು ತಡೆದಿದ್ದರು.

"ಇನ್ನು ಜನ್ಮದಲ್ಲಿ ಆಡೋ ಹಾಗಿಲ್ಲ ಅಂದ್ಬಿಡಿ ಮೇಡಂ. ನೀವು ದೊಡ್ಡವರು, ನಿಮ್ಮ ಮಾತಿಗೆ ಎದುರಾಡಲ್ಲ. ನನ್ನ ಬಿಟ್ಬಿಡ್ತಾರೆ."

"ಕಾರ್ಗೋದವರು ಮೆಡಿಕಲ್ ಮಾಡಿಸಲ್ವಾ? ಭಾರ ಎತ್ತೋ ಕೆಲಸಕ್ಕೆ, ಮಂಡಿ ಹೋದವನನ್ನ ತಗೋತಾರಾ?"

ಅವನು ಅದನ್ನು ಯೋಚಿಸಿರಲೇ ಇಲ್ಲ. ಮಂಡಿ ಕೆಟ್ಟಿದೆ ಅಂದರೆ ಕೆಲಸವಿಲ್ಲ. ಸರಿಯಿದೆ ಅಂದರೆ ಭಾನುವಾರ ಮೈದಾನ, ಅಲ್ಲಿ ಸೋತರೆ "ನೆಕ್ಸ್ಟ್ ಸೀಸನ್", ಅದಾದ ಮೇಲೆ ಇನ್ನೊಂದು. ಗೋಡೆಯಾಚೆಯ ಖಟಕ್ ಖಟಕ್ ಕಡೆ ಕೈ ತೋರಿಸಿದ.

"ಲಾಳಿ ಎಷ್ಟು ಓಡಿದ್ರೂ ಮಗ್ಗ ದಾಟಲ್ಲ ಮೇಡಂ. ಬಟ್ಟೆ ಮುಂದಕ್ಕೆ ಹೋಗುತ್ತೆ, ಅದು ಅಲ್ಲೇ ಅಡ್ಡ ಓಡ್ತಿರುತ್ತೆ. ಅಕಸ್ಮಾತ್ ತಪ್ಪಿಸ್ಕೊಂಡು ಹಾರ್ತು ಅನ್ಕೊಳ್ಳಿ, ಯಾರದೋ ಕಣ್ಣು ಹೋಗುತ್ತೆ. ನೇಕಾರರೇ ಇಟ್ಟ ಹೆಸರು, ಒಬ್ರಿಗೂ ಇದು ಹೊಳೀಲಿಲ್ಲ."

ಮೂವತ್ತೈದು ವರ್ಷದ ಸರ್ವಿಸ್ ನನಗೆ ಕಲಿಸಿದ ಯಾವ ಪ್ರೋಟೋಕಾಲ್ ಕೂಡ ಇಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ಪೇಷೆಂಟಿನ ಗುಟ್ಟು ಹೊರಗೆ ಹೇಳುವ ಹಾಗಿಲ್ಲ. ಸುಳ್ಳನ್ನೂ ಹೇಳುವ ಹಾಗಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, ವೈಟ್ ಲೈ ಅನ್ನೋ ಬಿಳಿ ಸುಳ್ಳು ಬೇಗ ಕೊಳೆಯಾಗುತ್ತದೆ ಮಕ್ಕಳೇ, ದಿನಾ ಒಗೀಬೇಕು ಅದನ್ನ, ಅಂತ. ಇವನು ಎಂಟು ತಿಂಗಳಿಂದ ಒಗೆಯುತ್ತಲೇ ಇದ್ದ.

"ಹೊರಗಿರೋರಲ್ಲಿ ನೀನು ನಿಜ ಹೇಳಬಹುದಾದವರು ಒಬ್ಬರಾದರೂ ಇದಾರಾ?" ಎಂದು ಕೇಳಿದೆ.

ಯೋಚಿಸಿ, "ರಾಜಣ್ಣ," ಎಂದ.

ರಾಜಣ್ಣ ಬಂದು ಸ್ಟೂಲಿನ ಮೇಲೆ ಕೂತ. ಫಯಾಜ್ ಅವನ ಮುಖ ನೋಡದೆ, "ಅಣ್ಣ, ಮಂಡಿ ಚೆನ್ನಾಗಿದೆ. ಮೊದಲಿಂದ್ಲೂ ಚೆನ್ನಾಗೇ ಇತ್ತು. ನನ್ ಆಟ ಇಷ್ಟೇ ಅಣ್ಣ," ಎಂದ.

ಈಗ ಕೂಗಾಡುತ್ತಾನೆ ಎಂದು ನಾನು ಬೆಲ್ ಮೇಲೆ ಕೈಯಿಟ್ಟೆ. ರಾಜಣ್ಣ ಗಡ್ಡ ಕೆರೆದುಕೊಂಡ.

"ಗೊತ್ತಿತ್ತು ಕಣೋ."

"ಏನು?"

"ಬೆಂಗ್ಳೂರಲ್ಲಿ ಮ್ಯಾಚ್ ನೋಡಕ್ಕೆ ಬಸ್ ಮಾಡ್ಕೊಂಡು ಬಂದಿದ್ವಲ್ಲ. ನೀನು ಬಾಲ್ ಸಮೇತ ಗೆರೆ ದಾಟಿ ಓಡಿಹೋಗಿ ಅಡ್ವರ್ಟೈಸ್‌ಮೆಂಟ್ ಬೋರ್ಡಿಗೆ ಗುದ್ದಿದ್ಯಲ್ಲ, ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕಣ್ಣ ಇಷ್ಟೆಲ್ಲಾ?"

"ವಾಪಸ್ ಬರ್ತಾ ಬಸ್ಸಲ್ಲಿ ಎಲ್ರೂ ಕುಣೀತಿದ್ರು. ಅಧ್ಯಕ್ಷ ನಾನು, ಸುಮ್ನೆ ಕೂರಕ್ಕಾಗುತ್ತಾ? ನಾನೂ ಕುಣಿದೆ. ಆಮೇಲೆ ನಿಲ್ಲಿಸೋದು ಹೆಂಗೆ ಅಂತ ತಿಳೀಲಿಲ್ಲ ಕಣೋ. ಈಗ ನಾನು ನಿಲ್ಲಿಸಿದ್ರೆ ಅವರು ನನ್ನ ಬಿಡ್ತಾರಾ?"

ಹೊರಗಿನಿಂದ ಬಾಗಿಲು ಬಡಿದರು. "ಅಣ್ಣಾ, ಏನಂದ್ರು ಮೇಡಮ್ಮು?"

ರಾಜಣ್ಣ ನನ್ನ ಕಡೆ ತಿರುಗಿ ಕೈಮುಗಿದ. "ಲಿಗಮೆಂಟು ಅಂದ್ಬಿಡಿ ಮೇಡಂ. ಇಬ್ರೂ ಬಚಾವ್ ಆಗ್ತೀವಿ." ಒಂದೇ ಬಾಗಿಲಿನ ಕೋಣೆಯಲ್ಲಿ ಮೂರು ಜನ, ಆಚೆ ಜನಜಾತ್ರೆ. ನಾನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಲಿಗಮೆಂಟು ಎಂದುಬಿಡೋಣ ಎನ್ನಿಸದೇ ಇರಲಿಲ್ಲ. ಆದರೆ ಆ ಒಂದು ಶಬ್ದ ಹುಡುಗನ ಸೋಮವಾರವನ್ನು ತಿಂದುಹಾಕುತ್ತಿತ್ತು.

"ಚೆನ್ನಾಗಿರೋ ಮಂಡೀನ ನಾನು ಮುರಿಯಲ್ಲ," ಎಂದೆ. "ಯಾರಾದರೂ ಕೇಳಿದರೆ, ಫಯಾಜ್ ಒಪ್ಪಿದರೆ, ಮಂಡಿ ಸರಿಯಿದೆ ಅಂತಷ್ಟೇ ಹೇಳ್ತೀನಿ. ಮಿಕ್ಕಿದ್ದು ನಿಮ್ಮದು."

ಫಯಾಜ್ ಬ್ರೇಸಿನ ಪಟ್ಟಿ ಬಿಚ್ಚಿ, ಮಡಚಿ, ಕೌಚಿನ ಮೇಲಿಟ್ಟ. ಬಾಗಿಲು ತೆಗೆದು ಹೊರಗೆ ನಡೆದ. ಕುಂಟದೆ, ನೇರವಾಗಿ.

ಎಲ್ಲರೂ ಮೊದಲು ಅವನ ಕಾಲು ನೋಡಿದರು. ಆಮೇಲೆ ಎದ್ದ ಕೂಗಿಗೆ ಮೇಲಿನ ಮಹಡಿಯ ಬಾಣಂತಿಯರ ಮಕ್ಕಳೆಲ್ಲ ಎದ್ದು ಅತ್ತವು. "ಲಾಳಿ! ಲಾಳಿ!" ಯಾರೋ ನನ್ನ ಕಾಲಿಗೆ ಬಿದ್ದರು. "ಒಂದೇ ಕರೆಂಟಿಗೆ ಸರಿ ಮಾಡ್ಬಿಟ್ರಲ್ಲಾ ಮೇಡಂ!" ಅಷ್ಟರಲ್ಲಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡಾಗಿತ್ತು.

"ಕೇಳ್ರೋ! ನಾನು ಆಡಲ್ಲ, ಸೋಮವಾರ ಕೆಲಸಕ್ಕೆ ಹೋಗ್ತೀನಿ!" ಎಂದು ಅವನು ಮೇಲಿನಿಂದ ಕಿರುಚುತ್ತಿದ್ದ.

"ಹೋಗುವಂತೆ ಗುರು, ಭಾನುವಾರ ಗೋಲ್ ಹೊಡೆದು ಹೋಗು!"

"ಫ್ಯಾನ್! ಮೈಂಡ್ ದ ಫ್ಯಾನ್!" ಎಂದು ನಾನು ಕೂಗಿಕೊಂಡೆ. ಅವನು ಒಂದು ಕೈಯಲ್ಲಿ ತಲೆ ಮುಚ್ಚಿಕೊಂಡು ಬಗ್ಗಿದ. ಫ್ಲೆಕ್ಸಿನ "ನಮ್ಮೂರ ಹೆಮ್ಮೆ", ಸೀಲಿಂಗಿಗೂ ಹೆಗಲಿಗೂ ನಡುವೆ ಮಡಚಿಕೊಂಡಿದ್ದ. "ಇಳಿಸ್ರೋ ಅವನ್ನ!" ಎಂದು ರಾಜಣ್ಣ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ರಾಜಣ್ಣ ಕೋಣೆಗೆ ವಾಪಸ್ ಬಂದ. ನನ್ನ ಟ್ರೇಯಲ್ಲಿ ಟೇಪ್ ಕತ್ತರಿಸುವ ಕತ್ತರಿ ಇತ್ತು. ಅದನ್ನು ಎತ್ತಿಕೊಂಡು ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಹತ್ತಿ ನಿಂತ. ಮುಷ್ಟಿ ತುಂಬ ಗಡ್ಡ ಹಿಡಿದು, ಕರಕರನೆ ಕತ್ತರಿಸಿದ.

ಹತ್ತಿರದವರು ಮೊದಲು ನೋಡಿದರು. ಕೂಗು ಮುಂದಿನಿಂದ ಹಿಂದಕ್ಕೆ ಆರುತ್ತಾ ಹೋಯಿತು. ಹರಕೆ ತೀರುವ ಮುಂಚೆ ಗಡ್ಡಕ್ಕೆ ಕತ್ತರಿ ಹಾಕುವುದೆಂದರೆ ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಅಣ್ಣೋ! ಭಾನುವಾರ ಇನ್ನೂ ಬಂದಿಲ್ಲ!" ಎಂದ ಒಬ್ಬ, ಹೆದರಿ.

"ಬರೋದೂ ಬೇಡ. ದೇವರ ಹತ್ರ ನಾನು ಮಾತಾಡ್ಕೋತೀನಿ. ಅವನನ್ನ ಇಳಿಸ್ರಿ."

ಇಳಿಸಿದರು. "ಇವನು ಇಂಡಿಯಾಗೆ ಆಡ್ತಾನೆ ಅಂತ ಪ್ರಿಂಟ್ ಹಾಕಿದ್ದು ನಾನು, ಅವನಲ್ಲ," ಎಂದ ರಾಜಣ್ಣ. "ಅವನು ಆಗಲ್ಲ ಅಂತಾನೇ ಇದ್ದ. ಬೈಯೋದಿದ್ರೆ ನಂಗೆ ಬೈರಿ."

ಬೈದರು. "ಫ್ಲೆಕ್ಸ್ ಮಾರ್ಕೊಳ್ಳೋಕೆ ನಮ್ಮನ್ನ ಕುಣಿಸ್ದಾ?" ಎಂದು ಒಬ್ಬ ಜರ್ಸಿ ಬಿಚ್ಚಿ ಅವನ ಮುಖಕ್ಕೆ ಎಸೆದು, ಬನಿಯನ್ನಿನಲ್ಲೇ ಹೊರಟ. ಇನ್ನೊಬ್ಬ ಮೂಲೆಯಲ್ಲಿ ನಿಂತು ಅತ್ತ. ಕೆಲವರು ಒಬ್ಬರ ಮುಖ ಒಬ್ಬರು ನೋಡದೆ ಮೆಟ್ಟಿಲಿಳಿದರು. ಬಸ್ಸಿನಲ್ಲಿ ಕುಣಿದವರಲ್ಲಿ ಇನ್ನೆಷ್ಟು ಜನ ರಾಜಣ್ಣಂದಿರಿದ್ದರೋ ಎಂದು ಆಗ ನನಗೆ ಅನ್ನಿಸಿತು. ಫಯಾಜ್ ಮಾತ್ರ ಗೋಡೆಗೊರಗಿ ನಿಂತೇ ಇದ್ದ. ಪ್ಲಾಸ್ಟರ್ ಬಿಚ್ಚಿದ ದಿನ ಪೇಷೆಂಟುಗಳು ಖುಷಿ ಪಡುವುದಿಲ್ಲ. ತಣ್ಣಗೆ ಹಗುರವಾದ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೆದರಿಕೊಂಡಿರುತ್ತಾರೆ. ಅವನು ಹಾಗೆ ಕಂಡ.

ಭಾನುವಾರ ಅವನು ಆಡಲಿಲ್ಲ. ಸೋಮವಾರ ದೇವನಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ. ಮೆಡಿಕಲ್‌ನಲ್ಲಿ ಫಿಟ್.

ಅವನನ್ನು ಊರು ಪೂರ್ತಿ ಬಿಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುವರ್ಷ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ಒಬ್ಬ ಹೇಳುತ್ತಿದ್ದುದನ್ನು ಕಿವಿಯಾರೆ ಕೇಳಿದೆ. "ಮಂಡಿ ಒಂದು ಹೋಗ್ದೇ ಇದ್ದಿದ್ರೆ ಇವತ್ತು ನಮ್ ಲಾಳಿ ಎಲ್ಲಿರ್ತಿದ್ದ!" ಅವನು ಅವತ್ತು ನನ್ನ ಕಾರಿಡಾರಿನಲ್ಲಿದ್ದವನೇ. ನಾನು ಟೀ ಕುಡಿದು ರೈಲು ಹತ್ತಿದೆ.

ಅಲ್ಲಿಯವರೆಗೆ ನಾನು ಪ್ರತಿ ಪೇಷೆಂಟಿಗೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಎಲ್ಲಿ ನೋವು?" ಕಾಲೇಜಿನಲ್ಲಿ ಹಾಗೆಯೇ ಕಲಿಸಿದ್ದರು. ಈಗ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಇನ್ನೊಂದು ಕೇಳುತ್ತೇನೆ: "ನಿಮಗೆ ವಾಸಿಯಾಗಬೇಕಾ?" ಬಹಳ ಜನ ನಗುತ್ತಾರೆ. "ಇದೆಂಥ ಕ್ವೆಶ್ಚನ್ ಮೇಡಂ, ವಾಸಿಯಾಗಬಾರದು ಅಂತ ಯಾರಾದ್ರೂ ಇಲ್ಲೀವರೆಗೂ ಬರ್ತಾರಾ?" ಎನ್ನುತ್ತಾರೆ. ಅವರಿಗೆ ಕರೆಂಟ್ ಇಡುತ್ತೇನೆ. ಅಪರೂಪಕ್ಕೆ ಒಬ್ಬರು ತಕ್ಷಣ ಉತ್ತರ ಕೊಡದೆ ಬಾಗಿಲ ಕಡೆ ನೋಡುತ್ತಾರೆ. ಆಗ ಟೇಪು, ಮೆಷೀನು ಎಲ್ಲ ಪಕ್ಕಕ್ಕಿಟ್ಟು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.