ಅಂಚಿನಲ್ಲಿ ಹೋದ ಬಾಗಿಲು

1986ರಲ್ಲಿ ಒಂಬತ್ತನೇ ಕ್ಲಾಸಿಗೆ ಓದು ನಿಲ್ಲಿಸಿ ಮೈಸೂರಿನ ಒಂದು ಬೈಂಡಿಂಗ್ ಅಂಗಡಿ ಸೇರಿದೆ. ಅಲ್ಲಿ ಮೊದಲು ಹೊಲಿದದ್ದು ನನ್ನದೇ ಆಸ್ತಿಯನ್ನು: ರದ್ದಿಯಲ್ಲಿ ಸಿಕ್ಕ ಇಂಗ್ಲೆಂಡಿನ ವಾರಪತ್ರಿಕೆಯ ಬಾಹ್ಯಾಕಾಶ ಧಾರಾವಾಹಿ ಚಿತ್ರಕಥೆ, ಸಿಕ್ಕಷ್ಟು ವಾರಗಳದ್ದು. ಅಂಚು ಸಮ ಮಾಡುವ ಉತ್ಸಾಹದಲ್ಲಿ ಕೊನೆಯ ಪುಟದ ಕೆಳಗಿನ ಸಾಲು ಚಿತ್ರಗಳನ್ನೇ ಕತ್ತರಿಸಿಬಿಟ್ಟೆ. ನೌಕೆಯ ಬಾಗಿಲು ತೆರೆಯುತ್ತಿತ್ತು. ಒಳಗೆ ಯಾರಿದ್ದರೋ ತಿಳಿಯಲಿಲ್ಲ.

ಕೆನಡಾದ ಮಿಸಿಸಾಗದಲ್ಲಿ ಬೈಂಡರ್ ಆಗಿ ದುಡಿದು ಮನೆ ಕೊಂಡ ಮೇಲೂ ಆ ಬಾಗಿಲು ನನ್ನನ್ನು ಬಿಡಲಿಲ್ಲ. ಮೊದಲು ತರಿಸಿದ ಮರುಮುದ್ರಣ ಆ ಪುಟದ ವಾರಕ್ಕಿಂತ ಮುಂಚೆಯೇ ಮುಗಿದಿತ್ತು. ಪ್ರಕಾಶಕರು ಮುಂದಿನ ಸಂಪುಟ ತರಲೇ ಇಲ್ಲ. ಎರಡನೆಯದು ಚಿಕ್ಕ ಆಕಾರದ್ದು. ಅದಕ್ಕೆ ಹೊಂದಿಸಲು ಯಾರೋ ಅದೇ ಸಾಲನ್ನು ಕತ್ತರಿಸಿದ್ದರು.

"ನಿಮ್ಮಂಥೋರು ಅಲ್ಲೂ ಒಬ್ರಿದಾರೆ ಕಣ್ರೀ," ಎಂದಳು ಹೆಂಡತಿ.

ಮೊನ್ನೆ ಮೂಲ ಅಳತೆಯ ಮೂರನೆಯ ಮರುಮುದ್ರಣ ಬಂತು. ಅಡುಗೆಮನೆಯಲ್ಲೇ ನಿಂತು ಆ ಪುಟ ತೆರೆದೆ. ಕೆಳಗಿನ ಸಾಲಿನಲ್ಲಿ ಒಂದು ಕೈ ಮಾತ್ರ ಹೊರಗೆ ಬಂದಿತ್ತು. ಅಡಿಯಲ್ಲಿ, ಉಳಿದದ್ದು ಮುಂದಿನ ವಾರ ಎಂದಿತ್ತು.

"ಪೇಜ್ ತಿರುಗಿಸ್ರೀ, ಮುಂದಿನ ವಾರಾನೂ ಇದ್ರಲ್ಲೇ ಇರುತ್ತಲ್ಲ!"

"ಇಷ್ಟು ವರ್ಷ ಕಾದೋನು ಕಣೇ ನಾನು. ನಿಯಮದ ಪ್ರಕಾರ ಒಂದು ವಾರ ಕಾಯ್ತೀನಿ."

ಈಗ ನನ್ನ ಬಳಿ ಒಂದೇ ಕಥೆಯ ನಾಲ್ಕು ಪುಸ್ತಕಗಳಿವೆ. ಇನ್ನು ಐದು ದಿನ ಬಾಕಿ ಇದೆ.